ಸ್ವತ್ತು ಸ್ವಾಧೀನದಲ್ಲಿದೆ, ಕ್ರಯಪತ್ರವಿಲ್ಲ: ವರ್ತಕರು ಅರಿಯಬೇಕಾದ ಕಾನೂನಿನ ಅಂಶಗಳು

ವರ್ಷಾಂತ್ಯದಲ್ಲಿ ಲೆಕ್ಕಪತ್ರಗಳ ಪರಿಶೋಧನೆ ನಡೆಸುವಾಗ ಅನೇಕ ಸಂಸ್ಥೆಗಳ ಸ್ಥಿರಾಸ್ತಿ ಪಟ್ಟಿಯಲ್ಲಿ ‘ಗೋದಾಮು’ ಅಥವಾ ‘ಅಂಗಡಿ ಮಳಿಗೆ’ ಎಂಬ ನಮೂದು ಕಂಡುಬರುತ್ತದೆ. ಅದರ ಕ್ರಯಪತ್ರವನ್ನು ಕೇಳಿದರೆ ಕರಾರು ಪತ್ರ, ಕಂದಾಯ ರಸೀದಿ, ವಿದ್ಯುತ್ ಬಿಲ್ಲು ಎಲ್ಲವೂ ಹೊರಬರುತ್ತವೆ. ಕ್ರಯಪತ್ರವೊಂದು ಮಾತ್ರ ಇರುವುದಿಲ್ಲ. ‘ಹಣ ಕೊಟ್ಟಾಗಿದೆ, ಬೀಗದ ಕೈ ನಮ್ಮ ಬಳಿಯಿದೆ, ಇನ್ನೇನು ಬೇಕು?’ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರವು ಆದಾಯ ತೆರಿಗೆಯ ಮಟ್ಟಿಗೆ ಬಹುತೇಕ ಸಾಕಾಗಬಹುದು. ಸಿವಿಲ್ ನ್ಯಾಯಾಲಯದಲ್ಲಿ ಮಾತ್ರ ಸಾಲದು. ಈ ವ್ಯತ್ಯಾಸವನ್ನು ವರ್ತಕ ಬಂಧುಗಳ ಗಮನಕ್ಕೆ ತರುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಾಲೀಕತ್ವ ಬೇರೆ, ಸ್ವಾಧೀನ ಬೇರೆ

ಸ್ವತ್ತನ್ನು ಅನುಭವಿಸುವ, ಮಾರುವ, ಅಡವಿಡುವ ಹಾಗೂ ವಾರಸುದಾರರಿಗೆ ಬಿಟ್ಟುಹೋಗುವ ಹಕ್ಕುಗಳೆಲ್ಲ ಸೇರಿ ಮಾಲೀಕತ್ವವಾಗುತ್ತದೆ. ಸ್ವತ್ತು ವಾಸ್ತವವಾಗಿ ಯಾರ ಹತೋಟಿಯಲ್ಲಿದೆಯೋ ಅವರದು ಸ್ವಾಧೀನ. ಬಾಡಿಗೆದಾರನಿಗೆ ಸ್ವಾಧೀನವಿದೆ, ಮಾಲೀಕತ್ವವಿಲ್ಲ. ಬಾಡಿಗೆಗೆ ಕೊಟ್ಟವನಿಗೆ ಮಾಲೀಕತ್ವವಿದೆ, ಪ್ರತ್ಯಕ್ಷ ಸ್ವಾಧೀನವಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಸೆಕ್ಷನ್ ಪ್ರಕಾರ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೌಲ್ಯದ ಸ್ಥಿರಸ್ವತ್ತಿನ ಮಾರಾಟವು ನೋಂದಾಯಿತ ಪತ್ರದ ಮೂಲಕವೇ ಆಗತಕ್ಕದ್ದು. ಕ್ರಯದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವುದೇ ಹಿತಾಸಕ್ತಿಯನ್ನು ಸೃಷ್ಟಿಸುವುದಿಲ್ಲವೆಂದೂ ಅದೇ ಸೆಕ್ಷನ್ ಸ್ಪಷ್ಟಪಡಿಸುತ್ತದೆ. ಕರಾರು, ಜನರಲ್ ಪವರ್ ಆಫ್ ಅಟಾರ್ನಿ ಮತ್ತು ಉಯಿಲು ಈ ಮೂರನ್ನು ಒಟ್ಟಿಗೆ ಬರೆಸಿಕೊಂಡು ‘ಜಿ.ಪಿ.ಎ. ಮಾರಾಟ’ ನಡೆಸುವ ಪದ್ಧತಿಯಿಂದ ಮಾಲೀಕತ್ವ ವರ್ಗಾವಣೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸಾರಿದೆ.

ಒಂದು ಕಲ್ಪಿತ ಉದಾಹರಣೆ

ವಿಷಯ ಸುಲಭವಾಗಿ ಮನದಟ್ಟಾಗಲು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಒಬ್ಬ ಧಾನ್ಯ ವರ್ತಕರು 2012ರಲ್ಲಿ 20 ಲಕ್ಷ ರೂಪಾಯಿಗೆ ಒಂದು ಗೋದಾಮನ್ನು ಕೊಳ್ಳಲು ಕರಾರು ಮಾಡಿಕೊಂಡರು. 18 ಲಕ್ಷವನ್ನು ಚೆಕ್ಕಿನ ಮೂಲಕ ಕೊಟ್ಟು ಸ್ವಾಧೀನ ಪಡೆದರು. ಕರಾರು ಛಾಪಾ ಕಾಗದದ ಮೇಲೆ ಇದೆ, ನೋಂದಣಿಯಾಗಿಲ್ಲ. ಕ್ರಯಪತ್ರ ಬರೆದುಕೊಡಲು ದಿನಾಂಕವನ್ನೂ ಗೊತ್ತುಪಡಿಸಿಲ್ಲ. ಅಂದಿನಿಂದ ಕಂದಾಯವನ್ನು ವರ್ತಕರೇ ಕಟ್ಟುತ್ತಿದ್ದಾರೆ. 2022ರಲ್ಲಿ ಮಾರಾಟಗಾರರು ತೀರಿಕೊಂಡರು. 2023ರಲ್ಲಿ ಅವರ ಮಕ್ಕಳು ಕ್ರಯಪತ್ರ ಬರೆದುಕೊಡುವುದಿಲ್ಲವೆಂದು ನೋಟೀಸು ಕೊಟ್ಟು, ಗೋದಾಮನ್ನು ತೆರವುಗೊಳಿಸಬೇಕೆಂದು ಕೇಳಿದರು. ಈಗ ವರ್ತಕರ ಕೈಯಲ್ಲಿ ಏನುಳಿದಿದೆ?

53ಎ ಸೆಕ್ಷನ್ನಿನ ರಕ್ಷಣೆ

ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಸೆಕ್ಷನ್ ಇಂತಹ ಖರೀದಿದಾರರಿಗಾಗಿಯೇ ಇದೆ. ಲಿಖಿತ ಕರಾರಿನಂತೆ ಸ್ವಾಧೀನ ಪಡೆದು, ತನ್ನ ಪಾಲಿನ ಕರ್ತವ್ಯವನ್ನು ನಿರ್ವಹಿಸಿರುವ ಅಥವಾ ನಿರ್ವಹಿಸಲು ಸಿದ್ಧನಿರುವ ಖರೀದಿದಾರನ ವಿರುದ್ಧ ಮಾರಾಟಗಾರನಾಗಲಿ ಅವನ ವಾರಸುದಾರರಾಗಲಿ ಹಕ್ಕು ಚಲಾಯಿಸುವಂತಿಲ್ಲ. ಆದರೆ ಎರಡು ಮಿತಿಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಇದು ಗುರಾಣಿಯೇ ಹೊರತು ಖಡ್ಗವಲ್ಲ. ಇದ್ದ ಸ್ವಾಧೀನವನ್ನು ಉಳಿಸಿಕೊಳ್ಳಲು ಇದು ನೆರವಾಗುತ್ತದೆ, ಮಾಲೀಕತ್ವವನ್ನು ದೊರಕಿಸಿಕೊಡುವುದಿಲ್ಲ. ಎರಡನೆಯದಾಗಿ, 2001ರ ಸೆಪ್ಟೆಂಬರ್ 24ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಕರಾರು ನೋಂದಣಿಯಾಗಿದ್ದರೆ ಮಾತ್ರ ಈ ರಕ್ಷಣೆ ಲಭ್ಯ. ನಮ್ಮ ವರ್ತಕರ ಕರಾರು 2012ರದು ಮತ್ತು ನೋಂದಣಿಯಾಗದ್ದು. ಆದ್ದರಿಂದ ಈ ಗುರಾಣಿ ಅವರಿಗೆ ಸಿಗುವುದಿಲ್ಲ.

ಅವರಿಗಿರುವ ಮುಖ್ಯ ಮಾರ್ಗವೆಂದರೆ ಕರಾರನ್ನು ಜಾರಿಗೊಳಿಸುವಂತೆ ಕೋರಿ ನಿರ್ದಿಷ್ಟ ಪಾಲನೆಯ ದಾವೆ ಹೂಡುವುದು. ನೋಂದಣಿಯಾಗದ ಕರಾರನ್ನೂ ಇಂತಹ ದಾವೆಯಲ್ಲಿ ಕರಾರಿನ ಸಾಕ್ಷ್ಯವಾಗಿ ಹಾಜರುಪಡಿಸಲು ನೋಂದಣಿ ಕಾಯ್ದೆಯ 49ನೆಯ ಸೆಕ್ಷನ್ ಅವಕಾಶ ಕೊಟ್ಟಿದೆ. ಕಾಲಮಿತಿ 3 ವರ್ಷ. ಕರಾರಿನಲ್ಲಿ ದಿನಾಂಕ ಗೊತ್ತುಪಡಿಸಿದ್ದರೆ ಆ ದಿನದಿಂದ, ಇಲ್ಲವಾದರೆ ನಿರಾಕರಣೆ ತಿಳಿದ ದಿನದಿಂದ ಅದು ಆರಂಭವಾಗುತ್ತದೆ. ಅಂದರೆ 2023ರ ನೋಟೀಸಿಗೆ 2026ರೊಳಗೆ ದಾವೆ ಹೂಡಿರಬೇಕು. ಜೊತೆಗೆ, ಬಾಕಿ 2 ಲಕ್ಷ ಕೊಡಲು ತಾವು ಸದಾ ಸಿದ್ಧರಿದ್ದುದನ್ನೂ ಸಾಬೀತುಪಡಿಸಬೇಕು.

ಇಲ್ಲಿ ಮುದ್ರಾಂಕ ಶುಲ್ಕದ ತೊಡಕೂ ಇದೆ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ, ಸ್ವಾಧೀನವನ್ನು ಬಿಟ್ಟುಕೊಟ್ಟಿರುವ ಕ್ರಯದ ಕರಾರಿಗೆ ಕ್ರಯಪತ್ರಕ್ಕೆ ಸಮನಾದ ಶುಲ್ಕ ತೆರಬೇಕು. ಕಡಿಮೆ ಮೌಲ್ಯದ ಛಾಪಾ ಕಾಗದದಲ್ಲಿ ಬರೆದ ಕರಾರನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸದೆ ವಶಕ್ಕೆ ತೆಗೆದುಕೊಳ್ಳುತ್ತದೆ. ಕೊರತೆಯ ಶುಲ್ಕದ ಜೊತೆಗೆ ಅದರ 10 ಪಟ್ಟಿನವರೆಗೆ ದಂಡ ತೆರಬೇಕಾಗಬಹುದು. ಅಂದು ಉಳಿಸಿದ ಶುಲ್ಕವು ಇಂದು ಬಡ್ಡಿ ಸಮೇತ ಎದುರು ಬಂದು ನಿಲ್ಲುತ್ತದೆ.

ಬಲವಂತದಿಂದ ತೆರವು ಮಾಡಿಸಬಹುದೇ?

ಇಲ್ಲ. ಶಾಂತಿಯುತವಾಗಿ ನೆಲೆಗೊಂಡ ಸ್ವಾಧೀನವನ್ನು ನಿಜವಾದ ಮಾಲೀಕನೂ ಸ್ವಂತ ಬಲದಿಂದ ಕಿತ್ತುಕೊಳ್ಳುವಂತಿಲ್ಲ. ಕಾನೂನಿನ ಮಾರ್ಗದಲ್ಲಿಯೇ ಪಡೆಯಬೇಕು. ಹಾಗೆ ಬಲವಂತವಾಗಿ ತೆರವುಗೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಸೆಕ್ಷನ್ ಅನ್ವಯ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಈ ದಾವೆಯಲ್ಲಿ ಮಾಲೀಕರು ಯಾರೆಂಬ ಪ್ರಶ್ನೆಯನ್ನು ನ್ಯಾಯಾಲಯ ನೋಡುವುದಿಲ್ಲ. ಯಾರು ಸ್ವಾಧೀನದಲ್ಲಿದ್ದರು, ಅವರನ್ನು ಕಾನೂನುಬಾಹಿರವಾಗಿ ಹೊರಹಾಕಲಾಯಿತೇ ಎಂಬುದಷ್ಟೇ ಪ್ರಶ್ನೆ. ಇಲ್ಲಿನ ತೀರ್ಪಿನ ಮೇಲೆ ಮೇಲ್ಮನವಿಯಿಲ್ಲ. ಆದರೆ ಸರ್ಕಾರದ ವಿರುದ್ಧ ಈ ಸೆಕ್ಷನ್ನಿನಡಿ ದಾವೆ ಹೂಡಲು ಬರುವುದಿಲ್ಲ.

ಇದು ತಾತ್ಕಾಲಿಕ ಆಸರೆಯೆಂಬುದನ್ನು ಮರೆಯಬಾರದು. ಮಾಲೀಕನು ಹಕ್ಕಿನ ಆಧಾರದ ಮೇಲೆ ಪ್ರತ್ಯೇಕ ದಾವೆ ಹೂಡುವ ಬಾಗಿಲು ತೆರೆದೇ ಇರುತ್ತದೆ. ಹಾಗೆಯೇ, ಮಾಲೀಕತ್ವದ ಬಗೆಗೇ ಗಂಭೀರ ವಿವಾದವಿರುವಲ್ಲಿ ಕೇವಲ ತಡೆಯಾಜ್ಞೆ ಕೋರಿದರೆ ಸಾಲದು, ಹಕ್ಕು ಘೋಷಣೆಯನ್ನೂ ಕೋರಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ವಿಶದಪಡಿಸಿದೆ.

‘12 ವರ್ಷವಾಯಿತು, ನಮ್ಮದೇ ಆಯಿತು’

ಇದು ವ್ಯಾಪಕವಾಗಿರುವ ತಪ್ಪು ತಿಳಿವಳಿಕೆ. 1963ರ ಕಾಲಮಿತಿ ಕಾಯ್ದೆಯ 65ನೆಯ ಅನುಚ್ಛೇದದಂತೆ, ಸ್ವಾಧೀನವು ಮಾಲೀಕನಿಗೆ ಪ್ರತಿಕೂಲವಾದ ದಿನದಿಂದ 12 ವರ್ಷದೊಳಗೆ ಆತ ದಾವೆ ಹೂಡಬೇಕು. ಹೂಡದಿದ್ದರೆ 27ನೆಯ ಸೆಕ್ಷನ್ ಪ್ರಕಾರ ಅವನ ಹಕ್ಕು ನಂದಿಹೋಗುತ್ತದೆ. ಸರ್ಕಾರಿ ಸ್ವತ್ತಿಗೆ ಈ ಅವಧಿ 30 ವರ್ಷ. ಆದರೆ ಎಣಿಸಬೇಕಾದುದು ಸ್ವಾಧೀನದ ವರ್ಷಗಳನ್ನಲ್ಲ, ‘ಪ್ರತಿಕೂಲ’ ಸ್ವಾಧೀನದ ವರ್ಷಗಳನ್ನು. ಆ ಸ್ವಾಧೀನವು ಬಹಿರಂಗವಾಗಿ, ಅಡೆತಡೆಯಿಲ್ಲದೆ, ಮಾಲೀಕನ ಹಕ್ಕನ್ನು ಧಿಕ್ಕರಿಸಿ ನಡೆದಿರಬೇಕು. ಮಾಲೀಕತ್ವದ ವಾದವೂ ಪ್ರತಿಕೂಲ ಸ್ವಾಧೀನದ ವಾದವೂ ಒಂದಕ್ಕೊಂದು ವಿರುದ್ಧವೆಂಬುದನ್ನು 2004ರಲ್ಲಿ ಕರ್ನಾಟಕ ವಕ್ಫ್ ಮಂಡಳಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿ ಹೇಳಿದೆ.

ನಮ್ಮ ವರ್ತಕರು ಮಾರಾಟಗಾರರ ಸಮ್ಮತಿಯಿಂದಲೇ ಒಳಬಂದವರು. ಕರಾರನ್ನು ಮುಂದಿಟ್ಟುಕೊಂಡು ವಾದಿಸುವಾಗ ಅವರು ಮಾರಾಟಗಾರರ ಹಕ್ಕನ್ನು ಒಪ್ಪಿಕೊಂಡಂತೆಯೇ ಆಗುತ್ತದೆ. ಆದುದರಿಂದ 2012ರಿಂದ ಎಷ್ಟೇ ವರ್ಷ ಕಳೆದರೂ ಸ್ವಾಧೀನವು ಅಷ್ಟರಿಂದಲೇ ಪ್ರತಿಕೂಲವಾಗದು. ಬಾಡಿಗೆದಾರರ ವಿಷಯವೂ ಹೀಗೆಯೇ. ಎರಡು ತಲೆಮಾರು ಅದೇ ಮಳಿಗೆಯಲ್ಲಿ ವ್ಯಾಪಾರ ನಡೆಸಿದರೂ ಬಾಡಿಗೆದಾರನು ಬಾಡಿಗೆದಾರನೇ. 12 ವರ್ಷ ಪೂರೈಸಿದ ಪ್ರತಿಕೂಲ ಸ್ವಾಧೀನದಾರನು ತಾನೇ ವಾದಿಯಾಗಿ ದಾವೆ ಹೂಡಬಹುದೆಂದು 2019ರಲ್ಲಿ ತೀರ್ಪು ಬಂದಿರುವುದು ನಿಜ. ಆದರೆ ಮೇಲಿನ ಷರತ್ತುಗಳು ಅದರಿಂದ ಸಡಿಲವಾಗಿಲ್ಲ.

ಖಾತಾ, ಪಹಣಿ, ಇ.ಸಿ.

ಖಾತಾ ಎಂಬುದು ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆ ಇಡುವ ದಾಖಲೆ. ಅದು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಪಹಣಿಯ ನಮೂದುಗಳಿಗೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಸೆಕ್ಷನ್ ಒಂದು ಪೂರ್ವಭಾವನೆಯನ್ನು ಕೊಟ್ಟಿದೆ: ವಿರುದ್ಧವಾದುದು ಸಾಬೀತಾಗುವವರೆಗೆ ಅವು ನಿಜವೆಂದು ಭಾವಿಸತಕ್ಕದ್ದು. ಅಂದರೆ ಅದೂ ಅಂತಿಮವಲ್ಲ. ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಬಾಡಿಗೆ, ಕುಟುಂಬದೊಳಗಿನ ಪಾಲಿನ ತಕರಾರು ಅದರಲ್ಲಿ ಕಾಣುವುದಿಲ್ಲ. ಈ ದಾಖಲೆಗಳೆಲ್ಲ ಸ್ವಾಧೀನಕ್ಕೆ ಒಳ್ಳೆಯ ಸಾಕ್ಷ್ಯ, ಕ್ರಯಪತ್ರಕ್ಕೆ ಬದಲಿಯಲ್ಲ.

ಆದಾಯ ತೆರಿಗೆಯ ‘ಮಾಲೀಕ’

ಗೊಂದಲದ ಮೂಲ ಬಹುಮಟ್ಟಿಗೆ ಇಲ್ಲಿದೆ. ಮೈಸೂರು ಮಿನರಲ್ಸ್ ಸಂಸ್ಥೆಯು ತನ್ನ ಸಿಬ್ಬಂದಿಗಾಗಿ ಕರ್ನಾಟಕ ಗೃಹ ಮಂಡಳಿಯಿಂದ 7 ಮನೆಗಳನ್ನು ಪಡೆದಿತ್ತು. ಸ್ವಾಧೀನ ಬಂದಿತ್ತು, ಕ್ರಯಪತ್ರವಾಗಿರಲಿಲ್ಲ. ಆದರೂ ಅವುಗಳ ಮೇಲೆ ಸವಕಳಿ ಪಡೆಯಲು ಸಂಸ್ಥೆ ಅರ್ಹವೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ತೀರ್ಪಿತ್ತಿತು. ಅದಕ್ಕೂ ಮುನ್ನ 1997ರಲ್ಲಿ ಪೋದಾರ್ ಸಿಮೆಂಟ್ ಪ್ರಕರಣದಲ್ಲಿ, ಸ್ವಂತ ಹಕ್ಕಿನಿಂದ ಬಾಡಿಗೆ ಪಡೆಯುವವನೇ ಗೃಹಾದಾಯದ ತೆರಿಗೆಗೆ ‘ಮಾಲೀಕ’ನೆಂದು ಹೇಳಿತ್ತು. ಅದೇ ತೀರ್ಪಿನಲ್ಲಿ ನ್ಯಾಯಾಲಯವು, ಸಾಮಾನ್ಯ ಕಾನೂನಿನಲ್ಲಿ ಮಾಲೀಕನೆಂದರೆ ವರ್ಗಾವಣೆ ಹಾಗೂ ನೋಂದಣಿ ಕಾಯ್ದೆಗಳಂತೆ ಹಕ್ಕು ಪಡೆದವನೇ ಎಂಬುದನ್ನೂ ಸ್ಪಷ್ಟವಾಗಿ ಗುರುತಿಸಿದೆ.

ಈ ತೀರ್ಪುಗಳು 1961ರ ಆದಾಯ ತೆರಿಗೆ ಕಾಯ್ದೆಗೆ ಸಂಬಂಧಿಸಿದವು. ತೆರಿಗೆ ಇಲಾಖೆಯ ಮುಂದಿರುವ ಪ್ರಶ್ನೆ ‘ಆದಾಯ ಯಾರದು?’ ಎಂಬುದು. ಸಿವಿಲ್ ನ್ಯಾಯಾಲಯದ ಪ್ರಶ್ನೆ ‘ಸ್ವತ್ತು ಯಾರದು?’ ಎಂಬುದು. ವರ್ಷವರ್ಷವೂ ಸವಕಳಿ ಪಡೆದಿದ್ದೇವೆ, ಇಲಾಖೆ ಒಪ್ಪಿದೆ ಎಂಬುದು ಎರಡನೆಯ ಪ್ರಶ್ನೆಗೆ ಉತ್ತರವಾಗುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆರ್.ಬಿ.ಎ.ಎನ್.ಎಂ.ಎಸ್. ವಿದ್ಯಾಸಂಸ್ಥೆಯ ಪ್ರಕರಣದಲ್ಲಿ ಬಂದ ತೀರ್ಪನ್ನೂ ಇಲ್ಲಿ ಗಮನಿಸಬೇಕು. ಕೇವಲ ಕ್ರಯದ ಕರಾರು ಹೊಂದಿದವರು, ಸ್ವತ್ತಿನ ಸ್ವಾಧೀನದಲ್ಲಿರುವ ಮೂರನೆಯವರ ವಿರುದ್ಧ ಹಕ್ಕು ಸಾಧಿಸಲಾರರೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಷ್ಟೇ ಅಲ್ಲದೆ, 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದು ಕೊಟ್ಟಿರುವುದಾಗಿ ದಾವೆಯಲ್ಲಿ ಹೇಳಿಕೊಂಡರೆ ಆ ಮಾಹಿತಿಯನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ನ್ಯಾಯಾಲಯಗಳಿಗೆ ನಿರ್ದೇಶನ ನೀಡಿತು.

ಅಢಾವೆ ಪತ್ರಿಕೆ ಮತ್ತು ಬ್ಯಾಂಕು

ಕಂಪನಿಗಳು ತಮ್ಮ ಹೆಸರಿನಲ್ಲಿ ಹಕ್ಕುಪತ್ರವಿಲ್ಲದ ಸ್ಥಿರಸ್ವತ್ತುಗಳ ವಿವರವನ್ನು 2021–22ರ ಲೆಕ್ಕವರ್ಷದಿಂದ ಅಢಾವೆ ಪತ್ರಿಕೆಯಲ್ಲಿಯೇ ಪ್ರಕಟಿಸಬೇಕಾಗಿದೆ. ಲೆಕ್ಕಪರಿಶೋಧಕರೂ ತಮ್ಮ ವರದಿಯಲ್ಲಿ ಅದನ್ನು ನಮೂದಿಸಬೇಕು. ಪಾಲುದಾರಿಕೆ ಹಾಗೂ ಏಕವ್ಯಕ್ತಿ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಬ್ಯಾಂಕು ಸಾಲ ಕೊಡುವಾಗ ಕೇಳುವ ಪ್ರಶ್ನೆ ಒಂದೇ. ಕರಾರುದಾರನಿಗೆ ಸ್ವತ್ತಿನಲ್ಲಿ ಹಿತಾಸಕ್ತಿಯೇ ಇಲ್ಲದಿರುವಾಗ ಅದನ್ನು ಅಡಮಾನ ಮಾಡಲು ಬರುವುದಿಲ್ಲ. ಪಾಲುದಾರನೊಬ್ಬ ನಿವೃತ್ತನಾದಾಗ ಅಥವಾ ತೀರಿಕೊಂಡಾಗ ಲೆಕ್ಕದಲ್ಲಿರುವ ಗೋದಾಮಿನ ಬೆಲೆಯನ್ನು ನಂಬಿ ಪಾಲು ತೀರಿಸಿ, ಅನಂತರ ಗೋದಾಮನ್ನೇ ಕಳೆದುಕೊಂಡರೆ ಸಂಸ್ಥೆಯೇ ಅಲುಗಾಡುತ್ತದೆ.

ಕೈಗೊಳ್ಳಬೇಕಾದ ಕ್ರಮಗಳು

1. ಸ್ವಾಧೀನ ಪಡೆಯುವುದಿದ್ದರೆ ಕರಾರಿಗೆ ಪೂರ್ಣ ಮುದ್ರಾಂಕ ಶುಲ್ಕ ತೆತ್ತು ನೋಂದಣಿ ಮಾಡಿಸಬೇಕು. ಕ್ರಯಪತ್ರದ ಸಮಯದಲ್ಲಿ ಈ ಶುಲ್ಕಕ್ಕೆ ಹೊಂದಾಣಿಕೆಯ ಅವಕಾಶವಿರುವುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಬೇಕು.

2. ಕ್ರಯಪತ್ರಕ್ಕೆ ನಿಶ್ಚಿತ ದಿನಾಂಕ ಗೊತ್ತುಪಡಿಸಿ, ಆ ದಿನದಿಂದ 3 ವರ್ಷದ ಗಡುವನ್ನು ದಿನಚರಿಯಲ್ಲಿ ಬರೆದಿಡಬೇಕು.

3. ಹಣವನ್ನೆಲ್ಲ ಬ್ಯಾಂಕಿನ ಮೂಲಕವೇ ಪಾವತಿಸಬೇಕು. ಬಾಕಿ ಹಣ ಸಿದ್ಧವಿರುವುದನ್ನು ಪತ್ರಮುಖೇನ ತಿಳಿಸಿ ಅಂಚೆ ರಸೀದಿಯನ್ನು ಕಾಯ್ದಿಡಬೇಕು.

4. ಸಂಸ್ಥೆಯ ಸ್ಥಿರಸ್ವತ್ತುಗಳ ಪಟ್ಟಿಯಲ್ಲಿ ‘ಕ್ರಯಪತ್ರದ ಸಂಖ್ಯೆ ಮತ್ತು ದಿನಾಂಕ’ ಎಂಬ ಅಂಕಣವನ್ನು ಸೇರಿಸಿ, ಖಾಲಿ ಉಳಿದವುಗಳನ್ನು ಪ್ರತ್ಯೇಕಿಸಬೇಕು.

5. ಮಾರಾಟಗಾರರು ಬದುಕಿದ್ದು, ಸಂಬಂಧ ಚೆನ್ನಾಗಿರುವಾಗಲೇ ಆ ಖಾಲಿ ಅಂಕಣಗಳನ್ನು ತುಂಬಿಸಿಕೊಳ್ಳಬೇಕು. ವಾರಸುದಾರರು ಐದಾರು ಜನರಾದ ಮೇಲೆ ಅಷ್ಟೂ ಸಹಿಗಳನ್ನು ಪಡೆಯುವುದು ಕಷ್ಟಸಾಧ್ಯ.

ಸ್ವಾಧೀನವನ್ನು ಕಾನೂನು ಗೌರವಿಸುತ್ತದೆ, ರಕ್ಷಿಸುತ್ತದೆ. ಆದರೆ ಆ ರಕ್ಷಣೆಗೆ ಗಡುವುಗಳಿವೆ, ಷರತ್ತುಗಳಿವೆ. ನೋಂದಾಯಿತ ಕ್ರಯಪತ್ರವನ್ನು ನಿಜವಾದ ಮಾಲೀಕನಿಂದ ಪಡೆದಿದ್ದರೆ ಈ ಲೇಖನದಲ್ಲಿ ಚರ್ಚಿಸಿದ ಬಹುತೇಕ ಪ್ರಶ್ನೆಗಳೇ ಏಳುವುದಿಲ್ಲ. ಬರುವ ಮಾರ್ಚ್ ಅಂತ್ಯದೊಳಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಕಡತಗಳನ್ನು ಒಮ್ಮೆ ತೆರೆದು ನೋಡುವುದು ಲೇಸು.