ಮನೆಯಲ್ಲೇ ಕಣ್ಣಿನ ಪರೀಕ್ಷೆ: ತಲೆಗೆ ಕಟ್ಟುವ ವಿ.ಆರ್. ಕನ್ನಡಕದಿಂದ ಏನಾಗುತ್ತದೆ, ಏನಾಗುವುದಿಲ್ಲ

"ಮೊಮ್ಮಗ ಆಟಕ್ಕೆಂದು ತಂದಿರುವ ದೊಡ್ಡ ಕನ್ನಡಕದಲ್ಲೇ ಈಗ ಕಣ್ಣು ಪರೀಕ್ಷೆ ಮಾಡುತ್ತಾರಂತೆ, ಹಾಗಿದ್ದರೆ ಆಸ್ಪತ್ರೆಗೆ ಬರುವುದೇಕೆ?" ಎಂದು ಗ್ಲಾಕೋಮಾ ರೋಗಿಗಳ ಮನೆಯವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಕೆ.ಆರ್. ಪುರದಿಂದಲೋ ಹಲಸೂರಿನಿಂದಲೋ ವಯಸ್ಸಾದವರನ್ನು ಕರೆತರಬೇಕಾದರೆ ಮನೆಯಲ್ಲಿ ಒಬ್ಬರು ಆ ದಿನದ ಕೆಲಸ ಬಿಡಬೇಕು. ಹೀಗಾಗಿಯೇ ಎಷ್ಟೋ ಮಂದಿ "ಫೀಲ್ಡ್ ಟೆಸ್ಟ್" ಎಂದು ಬರೆದುಕೊಟ್ಟ ಚೀಟಿಯನ್ನು ಮುಂದಿನ ತಿಂಗಳಿಗೆ, ಆಮೇಲೆ ಅದರ ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಆದ್ದರಿಂದ ಈ ಹೊಸ ಉಪಕರಣದ ವಿಷಯವನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳೋಣ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿವೆ. ಗ್ಲಾಕೋಮಾದಲ್ಲಿ ಈ ಎಳೆಗಳು ಒಂದೊಂದಾಗಿ ಒಣಗುತ್ತವೆ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಕಣ್ಣಿನೊಳಗಿನ ದ್ರವದ ಒತ್ತಡ. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ, ಕೆಲವರಿಗೆ ಒತ್ತಡ ಇಷ್ಟರೊಳಗೇ ಇದ್ದರೂ ನರ ಹಾಳಾಗುವುದುಂಟು. ನೋವಿಲ್ಲ, ಕೆಂಪಿಲ್ಲ. ದೃಷ್ಟಿ ಸಾಮಾನ್ಯವಾಗಿ ಅಂಚಿನ ಕಡೆಯಿಂದ ಕಳೆದುಹೋಗುತ್ತದೆ, ನಡುವಿನ ನೋಟ ಕೊನೆಯವರೆಗೂ ಉಳಿದಿರುತ್ತದೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಸರಾಗವಾಗಿ ಓದುವ ವ್ಯಕ್ತಿಗೇ ಹಳೇ ಮದ್ರಾಸ್ ರಸ್ತೆ ದಾಟುವಾಗ ಪಕ್ಕದಿಂದ ಬಂದ ಬೈಕು ಕಾಣದೇ ಇರಬಹುದು. ಹೋದ ದೃಷ್ಟಿಯನ್ನು ಯಾವ ಔಷಧದಿಂದಲೂ, ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳಿ ತರಲಾಗದು. ಉಳಿದದ್ದನ್ನು ಕಾಪಾಡಬಹುದು, ಅಷ್ಟೆ.

ಕಾಣದಿರುವುದು ನಮಗೇ ಗೊತ್ತಾಗುವುದಿಲ್ಲವೇ ಎಂದು ಕೇಳುವವರು ಈ ಪ್ರಯೋಗ ಮಾಡಿ ನೋಡಿ. ಬಿಳಿ ಹಾಳೆಯಲ್ಲಿ ಎಡಕ್ಕೆ ಒಂದು ಕೂಡುವ ಚಿಹ್ನೆ, ಅದರಿಂದ 8 ಸೆಂ.ಮೀ. ಬಲಕ್ಕೆ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡುವ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರಕ್ಕೆ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬಿಳಿ ಹಾಳೆಯೇ ಕಾಣುತ್ತದೆ! ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗದಲ್ಲಿ ಎಲ್ಲರಿಗೂ ಹುಟ್ಟಿನಿಂದ ಇಂಥ ಕುರುಡು ಚುಕ್ಕೆ ಇರುತ್ತದೆ. ಮಿದುಳು ಅದನ್ನು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ. ಗ್ಲಾಕೋಮಾದಿಂದಾದ ಕುರುಡು ಜಾಗಗಳನ್ನೂ ಅದು ಹೀಗೆಯೇ ಮುಚ್ಚಿಡುತ್ತದೆ.

ಇವನ್ನು ಹುಡುಕುವುದೇ ದೃಷ್ಟಿಕ್ಷೇತ್ರ ಪರೀಕ್ಷೆ, ಅಂದರೆ ಫೀಲ್ಡ್ ಟೆಸ್ಟ್. ಆಸ್ಪತ್ರೆಯಲ್ಲಿ ಗದ್ದವನ್ನು ಆಧಾರದ ಮೇಲಿಟ್ಟು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬಿಳಿ ಬಟ್ಟಲಿನೊಳಗೆ ನೋಡಬೇಕು. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಪ್ರತಿ ಕಣ್ಣಿಗೆ 54 ಜಾಗಗಳಲ್ಲಿ ಬೆಳಕಿನ ಚುಕ್ಕೆ ತೋರಿಸುತ್ತಾರೆ, ಕಂಡಾಗ ಗುಂಡಿ ಒತ್ತಬೇಕು. ಕುತ್ತಿಗೆ ನೋವಿರುವವರಿಗೆ, ಬೆನ್ನು ಬಾಗಿದವರಿಗೆ, ಹಾಸಿಗೆ ಹಿಡಿದವರಿಗೆ ಇದು ಕಷ್ಟವೇ.

ವಿ.ಆರ್. ಕನ್ನಡಕ ಇದೇ ಕೆಲಸವನ್ನು ಮುಖಕ್ಕೆ ಕಟ್ಟಿದ ಪೆಟ್ಟಿಗೆಯೊಳಗೆ ಮಾಡುತ್ತದೆ. ಕತ್ತಲೆ ಕೋಣೆ ಬೇಡ, ಬೆಳಕು ಹೊರಗಿನಿಂದ ಒಳಬರುವುದಿಲ್ಲ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸಬಲ್ಲದಾದ್ದರಿಂದ ಪಟ್ಟಿ ಕಟ್ಟುವ ಅಗತ್ಯವೂ ಇಲ್ಲ. ಒಳ್ಳೆಯ ಉಪಕರಣಗಳಲ್ಲಿ ಕಣ್ಣು ಅತ್ತಿತ್ತ ಹೊರಳಿದ್ದನ್ನು ಗಮನಿಸುವ ಪುಟ್ಟ ಕ್ಯಾಮೆರಾ ಇರುತ್ತದೆ. ಸೂಚನೆಗಳನ್ನು ರೋಗಿಯ ಭಾಷೆಯಲ್ಲೇ ಕೇಳಿಸಬಹುದು. ಕನ್ನಡದ ಜೊತೆಗೆ ತಮಿಳು, ಉರ್ದು, ತೆಲುಗು ಮಾತಾಡುವ ನಮ್ಮ ಶಿವಾಜಿನಗರ, ಹಲಸೂರಿನ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ. ವರ್ಷಕ್ಕೆ ಒಂದೆರಡು ಸಲ ಆಗುವ ಪರೀಕ್ಷೆಯನ್ನು ಮನೆಯಲ್ಲಿ ಮತ್ತೆ ಮತ್ತೆ ಮಾಡಿದರೆ ಬದಲಾವಣೆ ಬೇಗ ತಿಳಿದೀತು ಎಂಬುದೇ ಇದರ ಹಿಂದಿನ ಆಸೆ.

ಆಸೆ ಎಷ್ಟರ ಮಟ್ಟಿಗೆ ನಿಜ? ಅರವಿಂದ ಕಣ್ಣಾಸ್ಪತ್ರೆಯ ವೈದ್ಯರೂ ಪಾಲ್ಗೊಂಡು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಉಪಕರಣವು ಮಧ್ಯಮ ಮತ್ತು ಮುಂದುವರಿದ ಗ್ಲಾಕೋಮಾವನ್ನು ಚೆನ್ನಾಗಿಯೇ ಗುರುತಿಸಿತು, ಆರಂಭದ ಹಂತದ್ದನ್ನು ಅಷ್ಟು ಚೆನ್ನಾಗಿ ಗುರುತಿಸಲಿಲ್ಲ. ಆದ್ದರಿಂದ "ಕನ್ನಡಕದಲ್ಲಿ ಎಲ್ಲಾ ಸರಿಯಿದೆ" ಎಂದು ಬಂದರೆ ಕಾಯಿಲೆ ಇಲ್ಲವೆಂದು ತಿಳಿಯಬಾರದು.

ಇನ್ನು ಅದರಿಂದ ಆಗದ ಕೆಲಸಗಳು. ದೃಷ್ಟಿಕ್ಷೇತ್ರ ಪರೀಕ್ಷೆಗೆಂದೇ ಇರುವ ಈ ಉಪಕರಣ ಕಣ್ಣಿನ ಒತ್ತಡ ಅಳೆಯುವುದಿಲ್ಲ. ದೃಷ್ಟಿನರವನ್ನು ನೋಡುವುದಿಲ್ಲ. ಅದಕ್ಕೆ ಬೇರೆ ಕ್ಯಾಮೆರಾ ಬೇಕು. ಬೆಂಗಳೂರಿನ ಫೋರಸ್ ಸಂಸ್ಥೆಯ '3ನೇತ್ರ'ದಂಥ ಸಣ್ಣ ಕ್ಯಾಮೆರಾಗಳನ್ನು ಶಿಬಿರಗಳಿಗೂ ಒಯ್ಯಬಹುದು, ಆದರೆ ಚಿತ್ರ ತೆಗೆಯಲು ಕಲಿತವರೂ ಅದನ್ನು ಓದಲು ತಜ್ಞರೂ ಬೇಕೇ ಬೇಕು. ಆಟದ ಕನ್ನಡಕಕ್ಕೆ ಯಾವುದೋ ಆಪ್ ಹಾಕಿಕೊಂಡರೆ ಅದು ವೈದ್ಯಕೀಯ ಪರೀಕ್ಷೆಯಾಗುವುದಿಲ್ಲ. ಚುಕ್ಕೆಯ ಬೆಳಕು ಇಷ್ಟೇ ಇರಬೇಕೆಂಬ ಅಳತೆ ತಪ್ಪಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಎರಡು ಬೇರೆ ಯಂತ್ರಗಳ ಅಂಕಿಗಳನ್ನು ನೇರವಾಗಿ ಹೋಲಿಸುವುದೂ ಸರಿಯಲ್ಲ.

ವೈದ್ಯರೇ ಸಲಹೆ ಮಾಡಿ ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಜೊತೆಯಲ್ಲಿರುವವರ ಪಾತ್ರ ದೊಡ್ಡದು. ರೋಗಿ ನಿದ್ದೆ ಮಾಡಿ ಎದ್ದು, ತಿಂಡಿಯಾದ ಮೇಲೆ, ಒರಗುವ ಕುರ್ಚಿಯಲ್ಲಿ ಕೂರಲಿ. ಟಿ.ವಿ. ಆರಿಸಿ. ಪಕ್ಕದಲ್ಲಿ ನಿಂತು "ಈಗ ಒತ್ತಿ, ಈಗ ಒತ್ತಿ" ಎಂದು ದಯವಿಟ್ಟು ಹೇಳಿಕೊಡಬೇಡಿ. ಇದೇನು ಶಾಲೆಯ ಪರೀಕ್ಷೆಯಲ್ಲ, ಹೆಚ್ಚು ಅಂಕ ಬಂದರೆ ಲಾಭವೇನೂ ಇಲ್ಲ. ಕೆಲವು ಚುಕ್ಕೆಗಳು ಆರೋಗ್ಯವಂತರಿಗೂ ಕಾಣದಷ್ಟು ಮಂದವಾಗಿರುತ್ತವೆ. ಕುರುಡು ಚುಕ್ಕೆಯ ಜಾಗದಲ್ಲೂ ಬೇಕೆಂದೇ ಬೆಳಕು ತೋರಿಸುವ ಯಂತ್ರಗಳಿವೆ. ಅಲ್ಲೂ ಗುಂಡಿ ಒತ್ತಿದರೆ ಕಣ್ಣು ನೆಟ್ಟಗೆ ನಿಂತಿರಲಿಲ್ಲ ಎಂದು ಅವಕ್ಕೆ ತಿಳಿಯುತ್ತದೆ. ಒಂದು ಸಲ ಕೆಟ್ಟ ಫಲಿತಾಂಶ ಬಂದರೆ ಗಾಬರಿ ಬೇಡ, ದಣಿವಿನಿಂದಲೂ ಹಾಗಾಗುತ್ತದೆ. ವೈದ್ಯರಿಗೆ ತಿಳಿಸಿ, ಅವರು ಮತ್ತೊಮ್ಮೆ ಮಾಡಿಸುತ್ತಾರೆ. ತಲೆಸುತ್ತು, ಮೂರ್ಛೆ ರೋಗ ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಕೇಳದೆ ಇದನ್ನು ಕಟ್ಟಿಕೊಳ್ಳಬಾರದು. ಮನೆಯಲ್ಲಿ ಯಾರಿಗಾದರೂ 'ಮದ್ರಾಸ್ ಐ' ಬಂದಿದ್ದರೆ ಒಬ್ಬರ ಕನ್ನಡಕ ಇನ್ನೊಬ್ಬರು ಮುಟ್ಟಬೇಡಿ.

ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ, ಹಠಾತ್ತನೆ ಮಂಜು ಇವು ಕಂಡರೆ ಯಾವ ಉಪಕರಣವನ್ನೂ ಹುಡುಕುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ತಕ್ಷಣ ಹತ್ತಿರದ ಆಸ್ಪತ್ರೆಗೆ ಹೊರಡಿ.

ರೋಗಿಯ ಜೊತೆ ಬಂದಿರುವ ಅಣ್ಣ, ತಂಗಿ, ಮಕ್ಕಳಿಗೂ ಒಂದು ಮಾತು. ಗ್ಲಾಕೋಮಾ ವಂಶದಲ್ಲಿ ಹರಿಯುವ ಕಾಯಿಲೆ. ನಿಮಗೆ 40 ದಾಟಿದ್ದರೆ ಇವತ್ತೇ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಂಡು ಒತ್ತಡ ಏರಿಸಿಕೊಂಡವರೂ ಇದ್ದಾರೆ, ಅದನ್ನೂ ವೈದ್ಯರಿಂದ ಮುಚ್ಚಿಡಬೇಡಿ.

2023ರ ಅಕ್ಟೋಬರ್‌ನಿಂದ ಕೆ.ಆರ್. ಪುರದಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೋ ನೇರವಾಗಿ ಓಡುತ್ತಿದೆ, ಹಾಗಾಗಿ ಬರುವ ಕಷ್ಟ ಮೊದಲಿನಷ್ಟಿಲ್ಲ. ಬರುವಾಗ ಹಳೆಯ ಫೀಲ್ಡ್ ಟೆಸ್ಟಿನ ಹಾಳೆಗಳನ್ನೆಲ್ಲ, ಈಗ ಹಾಕುತ್ತಿರುವ ಹನಿಗಳ ಬಾಟಲಿಗಳನ್ನು, ದಿನವೂ ಬಳಸುವ ಕನ್ನಡಕವನ್ನು ಮರೆಯದೆ ತನ್ನಿ. ಪರೀಕ್ಷೆಯ ದಿನವೂ ಬೆಳಗಿನ ಹನಿ ಹಾಕಿಕೊಂಡೇ ಬನ್ನಿ.