ಬಾಡಿದ ಕೊಂಬೆಗೂ ನೀರು
(ಹೆರ್ಮಾಸನ ‘ಕುರಿಗಾಹಿ’ ಗ್ರಂಥ ಕಲಿಸುವ ಪಶ್ಚಾತ್ತಾಪದ ಪಾಠ)



ತಪಸ್ಸುಕಾಲ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಪಾಪನಿವೇದನೆಗೆ ಸಾಲು ನಿಲ್ಲುತ್ತದೆ. ಆ ಸಾಲಿಗೆ ಸೇರದೆ ಬಾಗಿಲ ಬಳಿಯೇ ನಿಂತು ಬಲಿಪೂಜೆ ಮುಗಿಯುತ್ತಲೇ ಮನೆಗೆ ಹೊರಡುವವರೂ ಇದ್ದಾರೆ. “ಪಾಪನಿವೇದನೆ ಮಾಡಿ ಹತ್ತು ವರ್ಷವಾಯಿತು, ಈಗ ಯಾವ ಮುಖ ಹೊತ್ತು ಹೋಗಲಿ?” ಎಂದು ಒಬ್ಬರ ಅಳುಕು. “ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳಬೇಕಲ್ಲ” ಎಂದು ಇನ್ನೊಬ್ಬರ ಬೇಸರ. ಶಿಕಾರಿಪುರದ ಅಂಗಡಿಯಲ್ಲಿ ಕುಳಿತವರನ್ನೂ ಸೊರಬದ ತೋಟದಲ್ಲಿ ದುಡಿಯುವವರನ್ನೂ ಕಾಡುವ ಈ ಅಳುಕು ಸುಮಾರು 1900 ವರ್ಷಗಳ ಹಿಂದೆ ರೋಮ್ ನಗರದ ಒಬ್ಬ ಗೃಹಸ್ಥನನ್ನೂ ಕಾಡಿತ್ತು. ಆತನ ಹೆಸರು ಹೆರ್ಮಾಸ್. ಆತ ಬರೆದ ಗ್ರಂಥದ ಹೆಸರು ‘ಕುರಿಗಾಹಿ’.

ಇದು ಬೈಬಲಿನ ಭಾಗವೇ?

ಅಲ್ಲ. ಆದರೆ ಆದಿ ಕ್ರೈಸ್ತರು ಬಹಳ ಪ್ರೀತಿಯಿಂದ ಓದುತ್ತಿದ್ದ ಗ್ರಂಥ. ಎರಡನೆಯ ಶತಮಾನದ ಪೂರ್ವಾರ್ಧದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ಇದರಲ್ಲಿ 5 ದರ್ಶನಗಳು, 12 ಆಜ್ಞೆಗಳು ಮತ್ತು 10 ಸಾಮತಿಗಳು ಇವೆ. ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಪಟ್ಟಿಮಾಡುವ ಮುರಟೋರಿ ಎಂಬ ಪ್ರಾಚೀನ ಪತ್ರದ ಪ್ರಕಾರ ಹೆರ್ಮಾಸನು ರೋಮಿನ ಧರ್ಮಾಧ್ಯಕ್ಷರಾಗಿದ್ದ ಪಿಯುಸರ ಸಹೋದರ. ಈ ಗ್ರಂಥವನ್ನು ಓದಬಹುದು, ಆದರೆ ಪ್ರೇಷಿತರ ಬರಹಗಳೊಂದಿಗೆ ಸಭೆಯಲ್ಲಿ ಸಾರ್ವಜನಿಕವಾಗಿ ಓದುವಂತಿಲ್ಲ ಎಂದು ಅದೇ ಪತ್ರ ಹೇಳುತ್ತದೆ. ಕ್ರಿ.ಶ. 367ರಲ್ಲಿ ಸಂತ ಅಥನಾಸಿಯಸರೂ ಇದನ್ನು ಪವಿತ್ರ ಗ್ರಂಥದ ಪಟ್ಟಿಯಿಂದ ಹೊರಗಿಟ್ಟು, ಹೊಸದಾಗಿ ವಿಶ್ವಾಸಕ್ಕೆ ಬರುವವರು ಓದಲು ತಕ್ಕದ್ದೆಂದು ಬರೆದರು. ನಾಲ್ಕನೆಯ ಶತಮಾನದ ಪ್ರಸಿದ್ಧ ಸಿನಾಯ್ ಹಸ್ತಪ್ರತಿಯ ಕೊನೆಯಲ್ಲಿ ಇದರ ಒಂದು ಭಾಗ ಇಂದಿಗೂ ಉಳಿದಿದೆ.

ಮನೆಯ ಕಡೆಗೆ ತಿರುಗಿಸಿದ ದರ್ಶನ

ಹೆರ್ಮಾಸನು ಹುಟ್ಟು ಶ್ರೀಮಂತನಲ್ಲ. ಅವನನ್ನು ಸಾಕಿದವನೇ ರೋಮಿನ ರೋದೆ ಎಂಬ ಮಹಿಳೆಗೆ ಗುಲಾಮನಾಗಿ ಮಾರಿದ್ದ. ವರ್ಷಗಳ ನಂತರ, ಟೈಬರ್ ನದಿಯಲ್ಲಿ ಸ್ನಾನಮಾಡುತ್ತಿದ್ದ ರೋದೆಗೆ ಕೈಕೊಟ್ಟು ದಡಕ್ಕೆ ಹತ್ತಿಸುವಾಗ, ಇಂಥ ರೂಪಗುಣಗಳ ಹೆಂಡತಿ ತನಗಿದ್ದಿದ್ದರೆ ಎಂಬ ಆಲೋಚನೆ ಅವನ ಮನಸ್ಸಿನಲ್ಲಿ ಹಾದುಹೋಯಿತು. ಕೆಲಕಾಲದ ಬಳಿಕ ಪ್ರಾರ್ಥನೆಯಲ್ಲಿದ್ದಾಗ ಆಕಾಶ ತೆರೆದು ಅದೇ ರೋದೆ ಕಾಣಿಸಿಕೊಂಡು, ನಿನ್ನ ಮನಸ್ಸಿನಲ್ಲೆದ್ದ ಆಸೆಯೇ ಪಾಪವೆಂದು ಆಪಾದಿಸಿದಳು. ಹೆರ್ಮಾಸ್ ನಡುಗಿಹೋದ. ಇಷ್ಟು ಸಣ್ಣದೂ ಲೆಕ್ಕಕ್ಕೆ ಬರುವುದಾದರೆ ನನಗೆ ರಕ್ಷಣೆ ಎಲ್ಲಿಂದ ಎಂದು ಕುಗ್ಗಿದ.

ಆಗ ಬಿಳಿಯ ಉಡುಪಿನ ಒಬ್ಬ ವೃದ್ಧೆ ಬಂದು ಪೀಠದ ಮೇಲೆ ಕುಳಿತಳು. ದೇವರು ಕೋಪಗೊಂಡಿರುವುದು ಆ ಆಲೋಚನೆಗಾಗಿ ಅಲ್ಲ, ನಿನ್ನ ಮನೆಗಾಗಿ ಎಂದಳು. ಮಕ್ಕಳ ಮೇಲಿನ ಮಮತೆಯಿಂದ ಅವನು ಅವರನ್ನು ತಿದ್ದಿರಲಿಲ್ಲ. ಅವರು ದೇವರಿಗೂ ಹೆತ್ತವರಿಗೂ ದ್ರೋಹ ಬಗೆದಿದ್ದರು. ಕೈಬಿಡಬೇಡ, ಧೈರ್ಯದಿಂದ ದಿನದಿನವೂ ಅವರಿಗೆ ಬುದ್ಧಿ ಹೇಳು ಎಂಬುದೇ ಆಕೆಯ ಆದೇಶ.

ಇಲ್ಲಿ ಒಂದು ಮಾತನ್ನು ಗಮನಿಸೋಣ. ದರ್ಶನವಾಯಿತೆಂದು ಸುದ್ದಿ ಹಬ್ಬಿದರೆ ಬಸ್ಸು ಮಾಡಿಕೊಂಡು ಓಡುವವರು ನಾವು. ಹೆರ್ಮಾಸನ ದರ್ಶನವೋ ಅವನನ್ನು ಮನೆಯ ಕಡೆಗೇ ತಿರುಗಿಸಿತು. ಖಾಸಗಿ ದರ್ಶನಗಳು ಕ್ರಿಸ್ತರು ತಿಳಿಸಿದ ಸತ್ಯಕ್ಕೆ ಏನನ್ನೂ ಸೇರಿಸಲಾರವು, ಅದನ್ನು ಬಾಳಲು ನೆರವಾಗಬಲ್ಲವು ಅಷ್ಟೇ ಎಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಕಲಿಸುತ್ತದೆ. ನಮ್ಮನ್ನು ನಮ್ಮ ಹೆಂಡತಿ ಮಕ್ಕಳ ಬಳಿಗೆ, ನಮ್ಮ ಕರ್ತವ್ಯದ ಬಳಿಗೆ ಕಳುಹಿಸದ ದರ್ಶನದ ಬಗ್ಗೆ ಎಚ್ಚರ ಅಗತ್ಯ.

ಕಟ್ಟಡ ಮುಗಿಯುವ ಮುನ್ನ

ಆ ವೃದ್ಧೆಯೇ ಧರ್ಮಸಭೆ. ಮೂರು ದರ್ಶನಗಳಲ್ಲಿ ಆಕೆ ಬರಬರುತ್ತ ಯುವತಿಯಾಗುತ್ತಾಳೆ. ಹೆರ್ಮಾಸನ ಆತ್ಮವೇ ಸಂಶಯ ಮತ್ತು ಚಿಂತೆಯಿಂದ ಮುಪ್ಪಾಗಿದ್ದರಿಂದ ಮೊದಲು ಹಾಗೆ ಕಂಡಿತಂತೆ. ಅವನು ಚೇತರಿಸಿಕೊಂಡಂತೆ ಅವಳ ಮುಖವೂ ಅರಳಿತು. ನಮ್ಮ ಕಣ್ಣಿಗೆ ಧರ್ಮಸಭೆ ಬರೀ ಹಳೆಯದಾಗಿ ಕಂಡರೆ, ಮುಪ್ಪು ಎಲ್ಲಿದೆಯೆಂದು ನಮ್ಮೊಳಗೆ ನೋಡಿಕೊಳ್ಳುವುದು ಒಳ್ಳೆಯದು.

ಮೂರನೆಯ ದರ್ಶನದಲ್ಲಿ ನೀರಿನ ಮೇಲೆ ಒಂದು ಗೋಪುರ ಏಳುತ್ತದೆ. ಗೋಪುರ ಧರ್ಮಸಭೆ, ನೀರು ದೀಕ್ಷಾಸ್ನಾನ, ಕಲ್ಲುಗಳು ನಾವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಹಳೆಯ ಶಿಲ್ಪಿಗಳ ಕೆಲಸ ಕಂಡವರಿಗೆ ಈ ಚಿತ್ರ ಸುಲಭವಾಗಿ ಅರ್ಥವಾದೀತು. ಹೆರ್ಮಾಸ್ ಕಂಡ ಗೋಪುರದಲ್ಲೂ ಸಂದು ಕಾಣದಂತೆ ಎಲ್ಲವೂ ಒಂದೇ ಕಲ್ಲಿನಂತಿತ್ತು. ಆದರೆ ಎಲ್ಲ ಕಲ್ಲೂ ಕೂರಲಿಲ್ಲ. ಬಿರುಕು ಬಿಟ್ಟ ಕಲ್ಲುಗಳು ಎದುರಿಗೆ ಸಮಾಧಾನದಿಂದಿದ್ದು ಮನಸ್ಸಿನಲ್ಲಿ ಹಗೆ ಇಟ್ಟುಕೊಂಡವರು. ಬೆಳ್ಳಗೆ ದುಂಡಗಿದ್ದ ಕಲ್ಲುಗಳು ವಿಶ್ವಾಸವಿದ್ದೂ ಐಶ್ವರ್ಯಕ್ಕೆ ಅಂಟಿಕೊಂಡವರು. ದುಂಡುಕಲ್ಲನ್ನು ಗೋಡೆಗೆ ಇಡಬೇಕಾದರೆ ಕೆತ್ತಲೇಬೇಕೆಂದು ಜಂಬಿಟ್ಟಿಗೆ ಕಲ್ಲಿನ ಗೋಡೆ ಕಟ್ಟಿಸಿದ ಯಾರಿಗಾದರೂ ಗೊತ್ತು.

ಇನ್ನು ಕೆಲವು ಕಲ್ಲುಗಳನ್ನು ದೂರ ಎಸೆಯದೆ ಗೋಪುರದ ಪಕ್ಕದಲ್ಲೇ ಇಟ್ಟಿದ್ದರು. ಅವರು ಪಾಪ ಮಾಡಿ, ಪಶ್ಚಾತ್ತಾಪಪಡಲು ಮನಸ್ಸಿರುವವರು. ಕಟ್ಟಡ ನಡೆಯುತ್ತಿರುವಾಗಲೇ ಅವರು ತಿರುಗಿಕೊಂಡರೆ ಜಾಗವಿದೆ. ದೇವಾಲಯದ ಬಾಗಿಲ ಬಳಿ ನಿಂತಿರುವ ಬಂಧುವೇ, ನೀವು ಎಸೆಯಲ್ಪಟ್ಟ ಕಲ್ಲಲ್ಲ, ಪಕ್ಕದಲ್ಲಿ ಕಾಯ್ದಿಟ್ಟ ಕಲ್ಲು.

ಒಣಗಿದ್ದೂ ಚಿಗುರುತ್ತದೆ

ಕೊನೆಯ ದರ್ಶನದಲ್ಲಿ ಪಶ್ಚಾತ್ತಾಪದ ದೇವದೂತನು ಕುರಿಗಾಹಿಯ ವೇಷದಲ್ಲಿ, ಹೆಗಲಿಗೆ ಚೀಲ, ಕೈಯಲ್ಲಿ ಕೋಲು ಹಿಡಿದು ಬರುತ್ತಾನೆ. ಗ್ರಂಥಕ್ಕೆ ಹೆಸರು ಬಂದದ್ದು ಅವನಿಂದಲೇ. ಎಂಟನೆಯ ಸಾಮತಿಯಲ್ಲಿ ಒಂದು ಬೃಹತ್ ನೀರವಂಜಿ ಮರದಿಂದ ಎಲ್ಲರಿಗೂ ಒಂದೊಂದು ಹಸಿರು ಕೊಂಬೆ ಸಿಗುತ್ತದೆ. ಹಿಂದಕ್ಕೆ ಕೇಳಿದಾಗ ಕೆಲವರ ಕೊಂಬೆ ಒಣಗಿತ್ತು, ಕೆಲವರದು ಅರೆ ಒಣಗಿತ್ತು, ಕೆಲವರದು ಚಿಗುರಿ ಹಣ್ಣನ್ನೂ ಬಿಟ್ಟಿತ್ತು. ಕುರಿಗಾಹಿ ಒಣಗಿದವುಗಳನ್ನು ಒಲೆಗೆ ಹಾಕಲಿಲ್ಲ. ಸಾಲಾಗಿ ನೆಟ್ಟು, ಧಾರಾಳ ನೀರು ಹೊಯ್ದು, ಕೆಲವು ದಿನ ಬಿಟ್ಟು ನೋಡಲು ಬಂದ. ಅನೇಕ ಕೊಂಬೆಗಳು ಹಸಿರಾಗಿದ್ದವು. ಹಾಲುವಾಣದ ಗೂಟ ನೆಟ್ಟು ಮಳೆಗಾಲದಲ್ಲಿ ಅದು ಚಿಗುರುವುದನ್ನು ಕಂಡ ಮಲೆನಾಡಿನವರು ಇದನ್ನು ನಂಬಲು ಕಷ್ಟಪಡಬೇಕಿಲ್ಲ.

ಎಷ್ಟು ಸಲ?

ದೀಕ್ಷಾಸ್ನಾನದ ನಂತರ ದೊಡ್ಡ ಪಾಪಕ್ಕೆ ಬಿದ್ದವನಿಗೆ ಕ್ಷಮೆ ಉಂಟೇ ಎಂಬುದು ಆ ಕಾಲದ ದೊಡ್ಡ ಚರ್ಚೆ. ಇಲ್ಲವೆಂದ ಬೋಧಕರೂ ಇದ್ದರು. ಒಂದು ಸಲ ಉಂಟು ಎಂದ ಹೆರ್ಮಾಸ್. ಅಷ್ಟೂ ಹೆಚ್ಚಾಯಿತೆಂದು ತೆರ್ತುಲಿಯನ್ ಎಂಬ ಪಂಡಿತ ತನ್ನ ಕೊನೆಗಾಲದಲ್ಲಿ ಈ ಗ್ರಂಥವನ್ನು ಹೀಯಾಳಿಸಿದ. ಧರ್ಮಸಭೆ ಕರುಣೆಯ ಹಾದಿಯನ್ನೇ ಹಿಡಿಯಿತು. ಏಳನೆಯ ಶತಮಾನದಲ್ಲಿ ಐರ್ಲೆಂಡಿನ ಸನ್ಯಾಸಿಗಳು ಗುರುವಿನ ಬಳಿ ಖಾಸಗಿಯಾಗಿ, ಮತ್ತೆ ಮತ್ತೆ ಮಾಡಬಹುದಾದ ಪಾಪನಿವೇದನೆಯ ಪದ್ಧತಿಯನ್ನು ಯೂರೋಪಿಗೆ ತಂದರು. ಇಂದು ನಾವು ಪಡೆಯುವ ಸಂಸ್ಕಾರದ ರೂಪ ಅಲ್ಲಿಂದ ಬಂದದ್ದು. ಹೆರ್ಮಾಸ್ ಒಂದೇ ಬಾಗಿಲು ತೋರಿಸಿದ. ನಮಗೆ ಅದು ಪ್ರತಿ ವಾರವೂ ತೆರೆದಿದೆ. ಹಾಗೆಂದು ನಾಳೆ ನೋಡೋಣ ಎನ್ನುವುದು ಸರಿಯಲ್ಲ. ಗೋಪುರ ಮುಗಿಯುವ ದಿನ ಯಾರಿಗೂ ತಿಳಿಯದು.

ಮನೆಯಲ್ಲಿ ಮಾಡೋಣ

1. ಮಾತು: ವ್ಯಾಪಾರದಲ್ಲಿ ಸುಳ್ಳನ್ನೇ ಸತ್ಯವೆಂದು ನಂಬಿಸಿ ಬದುಕಿದೆನೆಂದು ಹೆರ್ಮಾಸ್ ಕಣ್ಣೀರಿಟ್ಟ. ಇನ್ನು ಮುಂದೆ ಸತ್ಯ ಹೇಳು ಎಂದ ದೇವದೂತ. ಅಡಿಕೆಯ ತೂಕವಿರಲಿ, ಸಾಲದ ಲೆಕ್ಕವಿರಲಿ, ಈ ವಾರ ಒಂದು ಸುಳ್ಳನ್ನಾದರೂ ಸರಿಪಡಿಸೋಣ.

2. ಉಪವಾಸ: ಉಪವಾಸದ ದಿನ ಉಳಿದ ಊಟದ ಖರ್ಚನ್ನು ಲೆಕ್ಕಹಾಕಿ ವಿಧವೆಗೋ ಅನಾಥರಿಗೋ ಬಡವರಿಗೋ ಕೊಡಬೇಕೆನ್ನುತ್ತದೆ ಐದನೆಯ ಸಾಮತಿ. ಮಕ್ಕಳ ಕೈಯಿಂದಲೇ ಕೊಡಿಸೋಣ.

3. ನೆರೆಹೊರೆ: ಹಣ್ಣು ಬಿಡದ ಎಲ್ಮ್ ಮರ ದ್ರಾಕ್ಷಿ ಬಳ್ಳಿಯನ್ನು ಹೊತ್ತು ನಿಲ್ಲುತ್ತದೆ. ನೆಲಕ್ಕೆ ಬಿದ್ದ ಬಳ್ಳಿಯ ಹಣ್ಣು ಕೊಳೆಯುತ್ತದೆ. ನಮ್ಮಲ್ಲಿ ಮೆಣಸಿನ ಬಳ್ಳಿಗೆ ಹಾಲುವಾಣ ಆಸರೆಯಾದಂತೆ ಉಳ್ಳವನ ಹಣವೂ ಬಡವನ ಪ್ರಾರ್ಥನೆಯೂ ಒಂದಕ್ಕೊಂದು ಬೇಕು. ನಾವು ಯಾರಿಗೆ ಆಸರೆ, ನಮಗೆ ಯಾರ ಪ್ರಾರ್ಥನೆ ಆಸರೆ ಎಂದು ರಾತ್ರಿಯ ಜಪಸರದ ನಂತರ ಮಾತನಾಡೋಣ.

4. ಸಂಧಾನ: ಮನೆಯಲ್ಲಿ ಯಾರಾದರೂ ಬಹುಕಾಲದಿಂದ ಪಾಪನಿವೇದನೆಯಿಂದ ದೂರವಿದ್ದರೆ ಅವರನ್ನು ಗದರಿಸಬೇಡಿ. ನೀವು ಹೊರಟಾಗ ಜೊತೆಗೆ ಕರೆಯಿರಿ.

ದಯಾಮಯ ದೇವರೇ, ನೀವು ನಮ್ಮ ಕೈಗಿತ್ತ ಕೊಂಬೆ ಬಾಡಿದೆ. ಅದನ್ನು ಬಚ್ಚಿಡದೆ ನಿಮ್ಮ ಮುಂದೆ ಚಾಚುವ ಧೈರ್ಯವನ್ನು ನಮಗೆ ಕೊಡಿರಿ. ನೀರೆರೆದು ನಮ್ಮ ಕುಟುಂಬವನ್ನು ಚಿಗುರಿಸಿರಿ. ಆಮೆನ್.