ಗುರುತಿಲ್ಲದ ಹುಳುವನ್ನು ಗುರುತಿಸುವ ಬಗೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಶಾಲೆಯ ಅಂಗಳದ ನಂದಿಬಟ್ಟಲಿನ ಸುತ್ತ ಐದನೆಯ ತರಗತಿಯ ಮಕ್ಕಳು ನೆರೆದಿದ್ದರು. "ಮಾಸ್ಟ್ರೇ, ಹಾವಿನ ಮರಿ!" ಎಂದು ಒಬ್ಬನು ಕೂಗಿದನು. "ಅಲ್ಲ, ಕಂಬಳಿಹುಳು" ಎಂದು ಇನ್ನೊಬ್ಬನು ಕಲ್ಲನ್ನೆತ್ತಿದ್ದನು. ನಾವು ಕಲ್ಲನ್ನು ಕೆಳಗಿಡಿಸಿ, ಮೊದಲು ನೋಡುವಂತೆ ಹೇಳಿದೆವು. ಹುಳುವಿನ ಹೆಸರನ್ನು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಿಕೊಂಡೆವು.

ಅದು ಯಾವ ಗಿಡದಲ್ಲಿದೆ? ಚಿಟ್ಟೆ, ಪತಂಗಗಳ ಮರಿಹುಳುಗಳಲ್ಲಿ ಹಲವು ತಮಗೆ ಒಗ್ಗಿದ ಕೆಲವೇ ಗಿಡಗಳ ಎಲೆಯನ್ನು ತಿನ್ನುವುವು. ಆದುದರಿಂದ ಗಿಡದ ಹೆಸರು ತಿಳಿದರೆ ಹುಳುವಿನ ಹೆಸರು ಅರ್ಧ ತಿಳಿದಂತೆಯೇ. ಕರಿಬೇವು, ನಿಂಬೆಗಳನ್ನು ತಿನ್ನುವ ಹಸಿರು ಹುಳು ನಂದಿಬಟ್ಟಲನ್ನು ತಿನ್ನದು.

ಅದಕ್ಕೆ ಕಾಲುಗಳೆಷ್ಟು? ಎದೆಯಲ್ಲಿ 3 ಜೊತೆ ಮೊನಚಾದ ನಿಜಗಾಲುಗಳು, ಹಿಂದೆ 5 ಜೊತೆ ಮೆತ್ತಗಿನ ಹುಸಿಗಾಲುಗಳು. ಹಾವಿಗೆ ಕಾಲುಗಳಿಲ್ಲ. ಇಲ್ಲಿಗೆ ಹಾವಿನ ಭಯವು ನೀಗಿತು.

ಮೈ ಹೇಗಿದೆ? ರೋಮವಿಲ್ಲದ ನುಣುಪಾದ ಹಸಿರು ಮೈ. ಪಕ್ಕದಲ್ಲಿ ಬಿಳಿಯ ಗೆರೆ. ಬಾಲದ ಮೇಲೆ ಸಣ್ಣ ಕೊಂಬು. ಎದೆಯ ಮೇಲೆ ನೀಲಿಯ ಎರಡು 'ಕಣ್ಣುಗಳು'. ಅವು ನಿಜವಾದ ಕಣ್ಣುಗಳಲ್ಲ. ಬೆದರಿದಾಗ ಹುಳು ತಲೆಯನ್ನು ಒಳಗೆಳೆದುಕೊಂಡು ಎದೆಯನ್ನು ಉಬ್ಬಿಸುವುದು. ಆಗ ಆ ಚುಕ್ಕೆಗಳು ದೊಡ್ಡ ಪ್ರಾಣಿಯ ಕಣ್ಣುಗಳಂತೆ ತೋರುವುವು.

ಮೂರು ಉತ್ತರಗಳನ್ನೂ ಕೂಡಿಸಿದಾಗ ಹೆಸರು ದೊರೆಯಿತು: ಇದು ಕಣಗಿಲೆ ಪತಂಗದ ಮರಿಹುಳು. ಕಣಗಿಲೆ, ನಂದಿಬಟ್ಟಲುಗಳೆರಡೂ ಒಂದೇ ಸಸ್ಯಕುಟುಂಬದವು. 1758ರಲ್ಲಿ ಸ್ವೀಡನ್ನಿನ ಲಿನೇಯಸನು ಈ ಪತಂಗಕ್ಕೆ ಹೆಸರಿಡುವಾಗ ಕಣಗಿಲೆಯ ಲ್ಯಾಟಿನ್ ಹೆಸರನ್ನೇ ಅದರಲ್ಲಿ ಸೇರಿಸಿದನು. ಅವನೂ ಗಿಡವನ್ನು ಮರೆಯಲಿಲ್ಲ!

ಕೆಲವು ದಿನಗಳಲ್ಲಿ ಹುಳುವು ಕಂದುಬಣ್ಣಕ್ಕೆ ತಿರುಗಿ, ನೆಲಕ್ಕಿಳಿದು, ತರಗೆಲೆಗಳಡಿಯಲ್ಲಿ ಅಡಗಿತು. ಅಲ್ಲಿ ಅದು ಕೋಶವಾಗಿ, ಮುಂದೆ ಹಸಿರು, ನಸುಗೆಂಪು ಬಣ್ಣಗಳ ಸುಂದರ ಪತಂಗವಾಗುವುದು. ಆ ಮೂಲೆಯನ್ನು ಗುಡಿಸದಂತೆ ನಾವು ತಿಳಿಸಿದೆವು.

ಎಲ್ಲ ಹುಳುಗಳೂ ಹೀಗೆ ಸಾಧುವಲ್ಲ. ನಮ್ಮ ಕಾಸರಗೋಡಿನ ತೆಂಗು, ಮಾವುಗಳಲ್ಲಿ ಕಾಣುವ ಮುಳ್ಳುಳ್ಳ ಹಸಿರು ಹುಳು ಮೈಗೆ ತಾಗಿದರೆ ತೀವ್ರವಾಗಿ ಉರಿಯುವುದು. ಆದುದರಿಂದ ಗುರುತಾಗದ ಹುಳುವನ್ನು ಬರಿಗೈಯಿಂದ ಮುಟ್ಟಬಾರದು. ಕಣಗಿಲೆಯೂ ವಿಷದ ಗಿಡ. ಅದನ್ನು ಮುಟ್ಟಿದರೆ ಕೈ ತೊಳೆಯಬೇಕು.

ತಾಯ್ತಂದೆಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮಗುವು ಹುಳುವೊಂದನ್ನು ಕಂಡು ಓಡಿಬಂದಾಗ "ಕೊಂದುಬಿಡು" ಎನ್ನಬೇಡಿ, "ಯಾವ ಗಿಡದಲ್ಲಿತ್ತು?" ಎಂದು ಕೇಳಿರಿ. ಅಂದು ಕಲ್ಲನ್ನೆತ್ತಿದ ಹುಡುಗನು ಬರೆದ ಹುಳುವಿನ ಚಿತ್ರವು ಈಗ ತರಗತಿಯ ಗೋಡೆಯ ಮೇಲಿದೆ. ಅದರ ಕೆಳಗೆ ಗಿಡದ ಹೆಸರನ್ನೂ ಕಂಡ ದಿನವನ್ನೂ ಅವನೇ ಬರೆದಿದ್ದಾನೆ.